ಹಳೇ 911ರ ಆ್ಯಕ್ಸಲ್ ಬೋಲ್ಟು: ಮೊದಲು ಗ್ರೀಸ್ ತೆಗೀರಿ

ಹಳೇ ಪೋರ್ಷೆ 911ರಲ್ಲಿ ಸಿವಿ ಜಾಯಿಂಟ್ (ಆ್ಯಕ್ಸಲ್ ತುದಿಯಲ್ಲಿ, ಬಾಗಿದರೂ ಚಕ್ರಕ್ಕೆ ತಿರುಗುಬಲ ಒಯ್ಯೋ ಕೀಲು) ಬೋಲ್ಟುಗಳು ಲೂಸಾಗೋದಕ್ಕೆ ಹೆಚ್ಚಾಗಿ ಗ್ರೀಸೇ ಕಾರಣ. ಜಾಯಿಂಟು, ಅದು ಬೋಲ್ಟಾಗಿ ಕೂರೋ ಫ್ಲೇಂಜು (ಚಪ್ಪಟೆ ತಟ್ಟೆ) ನಡುವೆ ಉಳಿದ ಗ್ರೀಸು ಗಾಡಿ ಓಡಿದ ಹಾಗೆ ಹಿಂಡಿ ಹೊರಬರುತ್ತೆ, ಬಿಗಿ ಇಳಿಯುತ್ತೆ. ಹಾಗಾಗಿ ಎರಡೂ ಮುಖ, ಥ್ರೆಡ್ಡುಗಳನ್ನು ಬ್ರೇಕ್ ಕ್ಲೀನರ್‌ನಿಂದ ಒಣಗುವಷ್ಟು ಒರೆಸಿ.

ನಮ್ಮ ಉಡುಪಿಯ ಉಪ್ಪುಗಾಳಿಗೆ ಬೋಲ್ಟಿನ ತಲೆಯ ಗುಳಿಯಲ್ಲಿ ತುಕ್ಕು, ಕೆಸರು ಗಟ್ಟಿಯಾಗಿ ಕೂತಿರುತ್ತೆ. ಮೊಳೆಯಿಂದ ಕೆರೆದು, ಬೋಲ್ಟ್ ತಿರುಗಿಸೋ ಕೀಲಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಳದವರೆಗೆ ಕೂರಿಸಿ. ಅರ್ಧ ಕೂತ ಕೀಲಿ ತಿರುಗಿಸಿದರೆ ಗುಳಿ ಸವೆದುಹೋಗುತ್ತೆ, ಆಮೇಲೆ ವೆಲ್ಡಿಂಗೇ ಗತಿ.

ಹಲ್ಲಿರುವ ವಾಷರ್ ಹೊಸದೇ ಹಾಕಿ, ಉಬ್ಬು ಬೋಲ್ಟಿನ ತಲೆಯ ಕಡೆಗಿರಲಿ. ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿಯಿರಿ. ಎಂ8ಕ್ಕೂ ಎಂ10ಕ್ಕೂ (8, 10 ಮಿ.ಮೀ. ದಪ್ಪದ ಬೋಲ್ಟು) ಟಾರ್ಕ್, ಅಂದರೆ ಬಿಗಿಯೋ ತಿರುಗುಬಲ, ಬೇರೆ, ಮಾಡೆಲಿನ ಮ್ಯಾನುಯಲ್ ನೋಡಿ. ಆಗುಂಬೆ ಘಾಟಿ ಹತ್ತಿಳಿದ ಮೇಲೆ, ಗಾಡಿ ತಣಿದಾಗ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.