ಪೆನ್ಸಿಲ್ವೇನಿಯಾದ ಸಗಣಿ, ಮೇರಿಲ್ಯಾಂಡಿನ ಬಿಲ್

ನೀರಿನ ಬಿಲ್ ಬಂದ ದಿನ ನಮ್ಮ ಪಕ್ಕದ ಮನೆ ಅಜ್ಜನಿಗೆ ಸಿಟ್ಟು ನೆತ್ತಿಗೇರುತ್ತದೆ. ಹೋದ ವಾರ ಬೇಲಿಯ ಆಚೆಯಿಂದಲೇ ಬಿಲ್ ಆಡಿಸುತ್ತಾ, "ಪೆನ್ಸಿಲ್ವೇನಿಯಾದ ಹಸು ಹಾಕಿದ ಸಗಣಿಗೆ ನಾನ್ಯಾಕೆ ದುಡ್ಡು ಕಟ್ಟಬೇಕು, ಹೇಳು?" ಅಂದರು. ನನಗೆ ನಗು ತಡೆಯಲಾಗಲಿಲ್ಲ.

ನಾವಿರುವುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ. ಇಲ್ಲಿ ನೀರಿನ ಬಿಲ್ಲಿಗೆ ಸೇರಿಸಿ ವಸೂಲು ಮಾಡುವ ಒಂದು ತೆರಿಗೆಗೆ ಫ್ಲಶ್ ಟ್ಯಾಕ್ಸ್ ಅಂತಲೇ ಹೆಸರು. 2004ರಲ್ಲಿ ಶುರುವಾದಾಗ ಮನೆಗೆ ವರ್ಷಕ್ಕೆ 30 ಡಾಲರ್ ಇತ್ತು, 2012ರಲ್ಲಿ 60 ಮಾಡಿದರು. ನಮ್ಮ ರಾಜ್ಯದ ಒಳಗೆ ಚಾಚಿರುವ ಚೆಸಾಪೀಕ್ ಕೊಲ್ಲಿಗೆ ಹೋಗುವ ಸಾರಜನಕ, ರಂಜಕ ಕಮ್ಮಿ ಮಾಡಲು ಈ ದುಡ್ಡು. ಇವೆರಡೂ ಜಾಸ್ತಿಯಾದರೆ ಪಾಚಿ ಹಬ್ಬುತ್ತದೆ. ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ನುಂಗಿಬಿಡುತ್ತದೆ. ಬೇಸಿಗೆಯಲ್ಲಿ ತಳದಲ್ಲಿ ಉಸಿರಾಡಲಾಗದೆ ಏಡಿಗಳು ದಡದತ್ತ ನುಗ್ಗಿ ಬರುವುದನ್ನು ಅಜ್ಜ ಕಣ್ಣಾರೆ ಕಂಡಿದ್ದಾರೆ. ಚಿಕ್ಕಂದಿನಿಂದ ಏಡಿ ಹಿಡಿದವರು.

ಅವರ ಲೆಕ್ಕ ಪೂರ್ತಿ ಸರಿಯಲ್ಲ. ಆ ದುಡ್ಡಿನ ದೊಡ್ಡ ಪಾಲು ಹೋಗುವುದು ನಮ್ಮದೇ ರಾಜ್ಯದ ಕೊಳಚೆ ನೀರಿನ ಘಟಕಗಳಿಗೆ. ಲೀಟರಿಗೆ 3 ಮಿಲಿಗ್ರಾಂ ಸಾರಜನಕದ ಮಟ್ಟಕ್ಕೆ ಇಳಿಸಬೇಕು ಅಂತ ಗುರಿ. ಅಷ್ಟು ಇಳಿಸುವುದೆಂದರೆ ಸುಮ್ನೆ ಅಲ್ಲ. ಪಕ್ಕದ ವಾಷಿಂಗ್ಟನ್ನಿನ ಬ್ಲೂ ಪ್ಲೇನ್ಸ್ ಘಟಕ ಒಂದಕ್ಕೇ ಸುಮಾರು 100 ಕೋಟಿ ಡಾಲರ್ ಹಿಡಿಯಿತು.

ಆದರೂ ಅಜ್ಜನ ಸಿಟ್ಟಿನಲ್ಲಿ ನ್ಯಾಯ ಇದೆ. ಕೊಲ್ಲಿ ಸೇರುವ ಸಾರಜನಕದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಗಣಿ, ಗೊಬ್ಬರ ಹಾಕಿದ ಹೊಲಗಳದ್ದು. ಪಕ್ಕದ ರಾಜ್ಯ ಪೆನ್ಸಿಲ್ವೇನಿಯಾಕ್ಕೆ ಕೊಲ್ಲಿಯ ದಡವೇ ಇಲ್ಲ, ಆದರೆ ಅಲ್ಲಿಂದ ಹರಿದು ಬರುವ ಸಸ್ಕ್ವೆಹಾನಾ ನದಿ ಕೊಲ್ಲಿಯ ಅರ್ಧದಷ್ಟು ಸಿಹಿನೀರು ತರುತ್ತದೆ. ಹೊಲದಲ್ಲೇ ತಡೆದರೆ ಖರ್ಚು ಎಷ್ಟೋ ಕಮ್ಮಿ. ಕೊಯ್ಲಾದ ಮೇಲೆ ರೈ ಅನ್ನುವ ಗೋಧಿಯಂಥ ಧಾನ್ಯ ಬಿತ್ತಿದರೆ, ಮಣ್ಣಲ್ಲಿ ಮಿಕ್ಕ ಸಾರಜನಕವನ್ನು ಅದೇ ಹೀರಿಕೊಳ್ಳುತ್ತದೆ. ಹೀಗೆ ಬಿತ್ತುವ ರೈತರಿಗೆ ಮೇರಿಲ್ಯಾಂಡ್ ದುಡ್ಡು ಕೊಡುತ್ತದೆ. ಪೇಟೆಯ ರಸ್ತೆ ಬದಿ ಅಗೆದು ಮಳೆನೀರು ಇಂಗಿಸುವುದಕ್ಕಿಂತ ಇದು ಬಹಳ ಅಗ್ಗ.

ನನಗೆ ಮಂಡ್ಯ ಕಡೆಯ ನಮ್ಮ ಗದ್ದೆ ನೆನಪಾಯಿತು. ಪೈರು ಹಳದಿ ತಿರುಗಿದರೆ ಅಪ್ಪ ಪಂಚೆ ಎತ್ತಿ ಕಟ್ಟಿ, ಕಂಕುಳಲ್ಲಿ ಬಕೆಟ್ ಇಟ್ಟುಕೊಂಡು, ಕೆಸರಲ್ಲಿ ಯೂರಿಯಾ ಎರಚುತ್ತಾ ಹೋಗುತ್ತಿದ್ದರು. "ಇನ್ನೊಂದು ಹಿಡಿ ಇರ್ಲಿ ಬಿಡು." ಇರದೇ ಏನು? ಇವತ್ತಿಗೂ 45 ಕೆ.ಜಿ. ಚೀಲ 270 ರೂಪಾಯಿ ಒಳಗೇ, ಮಿಕ್ಕಿದ್ದು ಸಬ್ಸಿಡಿ. ಗದ್ದೆಯ ನೀರು ಕಾಲುವೆಗೆ, ಕಾಲುವೆ ಕಾವೇರಿಗೆ, ಕಾವೇರಿ ಸಮುದ್ರಕ್ಕೆ. ಹಾಕುವುದಕ್ಕೆ ಸರ್ಕಾರ ದುಡ್ಡು ಕೊಡುತ್ತದೆ, ತೆಗೆಯುವ ಖರ್ಚು ರೈತನ ಬಿಲ್ಲಿನಲ್ಲೂ ಇಲ್ಲ, ಸರ್ಕಾರದ ಲೆಕ್ಕದಲ್ಲೂ ಕಾಣುವುದಿಲ್ಲ. ಕೊನೆಗೆ ಕೆಳಗಡೆ ಮೀನು ಹಿಡಿಯುವವನ ತಲೆಗೆ.

ಭಾನುವಾರ ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಕಕ್ಕಸಿಗೂ ತೆರಿಗೆ ಅಂತ ಕೇಳಿ ಹೊಟ್ಟೆ ತುಂಬಾ ನಕ್ಕರು. ರೈ ಬಿತ್ತಿದರೆ ಸಾಕು, ದುಡ್ಡು ಕೊಡ್ತಾರೆ ಅಂದಾಗ ನಗು ನಿಂತಿತು.

"ಎಕರೆಗೆ ಎಷ್ಟಂತೆ ಮಗಾ?"