‘ಎಷ್ಟು ದಿನದ ಕೋರ್ಸ್ ಅದು?’

ಜೂಜು, ಗೇಮಿಂಗ್ ಚಟಕ್ಕೆ ಆಪ್ತಸಲಹೆ ಕೊಡುವವರ ಸರ್ಟಿಫಿಕೇಟ್ ಅಂದ ಕೂಡಲೇ ಬರುವ ಪ್ರಶ್ನೆ ಇದೊಂದೇ. ಬೆನ್ನಿಗೇ ಇನ್ನೊಂದು: ‘ಆನ್‌ಲೈನಲ್ಲೇ ಮುಗಿಯುತ್ತಾ?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅದು ಕೋರ್ಸೇ ಅಲ್ಲ. ಇಂಟರ್‌ನ್ಯಾಷನಲ್ ಗ್ಯಾಂಬ್ಲಿಂಗ್ ಕೌನ್ಸೆಲರ್ ಸರ್ಟಿಫಿಕೇಶನ್ ಬೋರ್ಡಿನ ಮೊದಲ ಹಂತಕ್ಕೆ ಜೂಜಿನ ಬಗ್ಗೆಯೇ 30 ಗಂಟೆ ತರಬೇತಿ, ಜೂಜಿನ ಚಟದವರ ಜೊತೆ 100 ಗಂಟೆ ಕೆಲಸ ಬೇಕು. ಎರಡನೇ ಹಂತಕ್ಕೆ 60 ಮತ್ತು 2000. ವಾರಕ್ಕೆ 10 ಗಂಟೆಯಂತೆ ಕೂತರೆ 200 ವಾರ, ಅಂದರೆ ನಾಲ್ಕು ವರ್ಷ ಹತ್ತಿರ. ‘ಎಷ್ಟು ದಿನ’ಕ್ಕೆ ಇದೇ ಉತ್ತರ, ಬೇಜಾರಾದರೆ ಆಗಲಿ. ಜೊತೆಗೆ ಬೋರ್ಡ್ ಒಪ್ಪಿದ ಹಿರಿಯರೊಬ್ಬರ ಬಳಿ ಕೇಸುಗಳ ಚರ್ಚೆ, ಆಮೇಲೆ ಪರೀಕ್ಷೆ.

ಪರೀಕ್ಷೆಗೆ ಹೆದರುತ್ತಾರೆ, ಕೆಡುವುದು ಮಾತ್ರ ಲೆಕ್ಕದಲ್ಲಿ. ಗಂಟೆಗಳೆಲ್ಲ ಮುಗಿದ ಮೇಲೆ ಹಿರಿಯರನ್ನು ಹುಡುಕುತ್ತಾರೆ. ದಿನಾಂಕ ಬರೆದಿಟ್ಟಿರುವುದಿಲ್ಲ. ಕುಡಿತಕ್ಕೆ ಬಂದವನ ಗಂಟೆಗಳನ್ನೂ ‘ಅವನು ಇಸ್ಪೀಟೂ ಆಡ್ತಿದ್ದ’ ಅಂತ ಸೇರಿಸಿಬಿಡುತ್ತಾರೆ!

‘ಎರಡೂ ಮೊಬೈಲ್ ಚಟ ತಾನೇ, ಒಂದೇ ಸರ್ಟಿಫಿಕೇಟ್ ಸಾಲದಾ?’ ಸಾಲದು. 2022ರಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, ಜೂಜಿನ ಚಟದ ಸಂಕೇತ 6ಸಿ50, ಗೇಮಿಂಗ್‌ನದು 6ಸಿ51. ಸರ್ಟಿಫಿಕೇಟೂ ಬೇರೆಯೇ. ಜೂಜುಗಾರ ಹೋದ ದುಡ್ಡಿನ ಬೆನ್ನು ಹತ್ತುತ್ತಾನೆ. ಗೇಮ್ ಆಡುವವನು ಒಂದು ಪೈಸೆ ಕಳೆಯದೆಯೂ ನಿದ್ದೆ, ಓದು, ಕೆಲಸ ಎಲ್ಲ ಕಳೆದುಕೊಂಡಿರಬಹುದು.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಕುಡಿತ ಬಿಡಿಸಿ ಪಳಗಿದವರು ಜೂಜಿನ ಮುಂದೆ ಯಾಕೆ ಸೋಲುತ್ತಾರೆ?

ಮೊದಲನೆಯದಾಗಿ, ಇದಕ್ಕೆ ವಾಸನೆ ಇಲ್ಲ, ರಕ್ತ ಪರೀಕ್ಷೆ ಇಲ್ಲ. ನೋಡಬೇಕಾದದ್ದು ಬ್ಯಾಂಕ್ ಸ್ಟೇಟ್‌ಮೆಂಟ್, ಅದೂ ಎಲ್ಲ ಖಾತೆಗಳದ್ದು. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5ರ ಒಂಬತ್ತು ಲಕ್ಷಣಗಳಲ್ಲಿ 12 ತಿಂಗಳೊಳಗೆ ನಾಲ್ಕು ಕಂಡರೆ ರೋಗನಿರ್ಣಯ. ಆದರೆ ಸುಳ್ಳು ಹೇಳುವುದೇ ಆ ಒಂಬತ್ತರಲ್ಲೊಂದು. ಬಾಯಿಮಾತು ನಂಬಿ ಎಣಿಸಿದರೆ ಎಣಿಕೆ ತಪ್ಪುತ್ತದೆ.

ಎರಡನೆಯದು ಸಾಲ. ಮನೆಯವರು ಕರುಣೆಯಿಂದ ಒಮ್ಮೆಗೇ ತೀರಿಸುತ್ತಾರೆ. ಆ ನಿರಾಳದಲ್ಲೇ ಮುಂದಿನ ಪಂದ್ಯ ಶುರು. ಸಾಲದ ಪೂರ್ತಿ ಪಟ್ಟಿ ಮಾಡಿಸಬೇಕು, ಸಂಬಳ ಸ್ವಲ್ಪ ಕಾಲ ಇನ್ನೊಬ್ಬರ ಕೈಗೆ ಹೋಗಬೇಕು, ಆಡುವ ಖಾತೆಗಳನ್ನು ಒಂದೊಂದಾಗಿ ಮುಚ್ಚಿಸಬೇಕು. ಇದು ಆಪ್ತಸಲಹೆಗಾರರ ಕೆಲಸವಲ್ಲ ಅನ್ನುವವರು ದಯವಿಟ್ಟು ಈ ಕಡೆ ಬರಬೇಡಿ.

ಗುಟ್ಟು ಮನೆಯಲ್ಲಿ ಬಯಲಾದ ವಾರ ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಸುತ್ತಿ ಬಳಸಿ ಬೇಡ.

ಇನ್ನೊಂದು, ಔಷಧಿ. ನಡುವಯಸ್ಸು ದಾಟಿದವರು ಹಠಾತ್ತನೆ ಜೂಜಿಗಿಳಿದಿದ್ದರೆ ಪಾರ್ಕಿನ್ಸನ್ ಕಾಯಿಲೆಗೋ ಕಾಲಿನ ಚಡಪಡಿಕೆಗೋ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಥರದ ಗುಳಿಗೆ ನುಂಗುತ್ತಿದ್ದಾರಾ ವಿಚಾರಿಸಿ. ಡೋಪಮಿನ್‌ನಂತೆ ಕೆಲಸ ಮಾಡುವ ಈ ಗುಳಿಗೆಗಳು ಕೆಲವರಲ್ಲಿ ಜೂಜಿನ ತುಡಿತ ಎಬ್ಬಿಸುತ್ತವೆ. ನಿಲ್ಲಿಸಿ ಅಂತ ನೀವೇ ಹೇಳಲು ಹೋಗಬೇಡಿ. ಬರೆದುಕೊಟ್ಟ ವೈದ್ಯರಿಗೆ ಅವತ್ತೇ ತಿಳಿಸಿ.