‘ಉಳಿದವರು’ ಎಂದರೆ ಯಾರು?

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಸಂಜೆ, ನಮ್ಮ ಮನೆಗೆ ರಸಾಯನಶಾಸ್ತ್ರದ ಪಾಠ ಹೇಳಿಸಿಕೊಳ್ಳಲು ಬರುತ್ತಿದ್ದ ದ್ವಿತೀಯ ಪಿಯುಸಿ ಹುಡುಗಿ ಪುಸ್ತಕ ಮುಚ್ಚಿ ಹೊರಡುವ ಹೊತ್ತಿಗೆ, “ಅಕ್ಕ, ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಜಗಲಿ ಫೋಟೋ ನೋಡಿದ ಮೇಲೆ ನಮ್ಮನೇದು ಒಂದೂ ಹಾಕಿಲ್ಲ ನಾನು. ಇದ್ದಿದ್ದನ್ನೂ ತೆಗೆದುಬಿಟ್ಟೆ” ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ಮಳೆ ಜೋರಾಯಿತು ಎನ್ನುವಷ್ಟು ಸಹಜವಾಗಿ ಹೇಳಿ, ಕೊಡೆ ಬಿಚ್ಚಿಕೊಂಡು ತೋಟದ ದಾರಿಯಲ್ಲಿ ಇಳಿದುಹೋದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎಷ್ಟೋ ವರ್ಷಗಳಿಂದ ನಾನು ಬೇರೆಯವರ ಫೋಟೋ ನೋಡಿ ಕುಗ್ಗುತ್ತ ಬಂದವಳು. ನನ್ನ ಫೋಟೋ ನೋಡಿ ಇನ್ನೊಂದು ಜೀವ ಕುಗ್ಗಬಹುದೆಂಬುದು ಅಂದಿನವರೆಗೂ ನನಗೆ ಹೊಳೆದೇ ಇರಲಿಲ್ಲ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ, ತೀರ್ಥಹಳ್ಳಿ ತಾಲ್ಲೂಕಿನ ಈ ತೋಟದ ಮನೆಗೆ ನಾನು ಬಂದದ್ದು ಯಾರ ಒತ್ತಾಯದಿಂದಲೂ ಅಲ್ಲ. ಮೂರು ಎಕರೆ ಅಡಿಕೆ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಆಚೀಚೆ ಸೇರಿ ಐದೇ ಮನೆಗಳಿರುವ ಊರು. ಇದೆಲ್ಲ ನನಗೆ ಇಷ್ಟವಿತ್ತು, ಈಗಲೂ ಇದೆ. ಮೊದಲ ಕೆಲವು ವರ್ಷ ನನ್ನ ಓದು ವ್ಯರ್ಥವಾಯಿತೆಂಬ ಯೋಚನೆ ಒಮ್ಮೆಯೂ ಸುಳಿಯಲಿಲ್ಲ. 2016ರ ಸುಮಾರಿಗೆ ನನ್ನ ಕೈಗೆ ಸ್ಮಾರ್ಟ್‌ಫೋನ್ ಬಂತು, ಹಾಸ್ಟೆಲಿನ ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಅದರೊಳಗೆ ಸಿಕ್ಕರು. ನನ್ನ ಕೋಣೆಯಲ್ಲೇ ಇದ್ದವಳು ಜರ್ಮನಿಯ ಪ್ರಯೋಗಾಲಯವೊಂದರಲ್ಲಿ ಬಿಳಿ ಕೋಟು ತೊಟ್ಟು ನಿಂತಿದ್ದಳು. ಪರೀಕ್ಷೆಯ ಹಿಂದಿನ ದಿನ ನನ್ನ ನೋಟ್ಸ್ ಕೇಳಿಕೊಂಡು ಬರುತ್ತಿದ್ದವಳು ಬೆಂಗಳೂರಿನಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿದ್ದಳು, ಇನ್ನೊಬ್ಬಳದು ಹೊಸ ಮನೆಯ ಗೃಹಪ್ರವೇಶ. ಮೊದಲು ನಿಜಕ್ಕೂ ಸಂತೋಷವೇ ಆಯಿತು. ಆದರೆ ವರ್ಷ ಕಳೆಯುವಷ್ಟರಲ್ಲಿ, ಶಿವಮೊಗ್ಗದ ಒಂದು ಮದುವೆ ಮನೆಯಲ್ಲಿ ಯಾರೋ “ಈಗ ಎಂತ ಮಾಡ್ಕೊಂಡಿದ್ದೀರಿ?” ಎಂದು ಕೇಳಿದಾಗ, “ಎಂತದೂ ಇಲ್ಲ, ಸುಮ್ಮನೆ ಮನೇಲಿದ್ದೀನಿ” ಎಂದುಬಿಟ್ಟೆ. ಅದೇ ವಾರ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೂರೆಕರೆ ತೋಟಕ್ಕೆ ಎಷ್ಟು ಬೇಕೆಂದು ಲೆಕ್ಕ ಹಾಕಿ, ನಿಂತು ಕಲಸಿಸಿದವಳು ನಾನೇ. ಎಂ.ಎಸ್ಸಿ. ಎಂಬ ಮಾತನ್ನು ನಾನಾಗಿ ಯಾರೆದುರೂ ಎತ್ತುವುದನ್ನು ನಿಲ್ಲಿಸಿದೆ. 2019ರಲ್ಲಿ ಗೆಳತಿಯರು ಶಿವಮೊಗ್ಗದಲ್ಲಿ ಒಟ್ಟುಗೂಡಿದಾಗ ಅಡಿಕೆ ಕೊಯ್ಲಿನ ನೆಪ ಹೇಳಿ ತಪ್ಪಿಸಿಕೊಂಡೆ. 2021ರ ಮಳೆಗಾಲದಲ್ಲಿ ನಿದ್ದೆಯೂ ಕೆಟ್ಟಿತು, ಊಟವೂ ಸೇರದಾಯಿತು. ಇದನ್ನು ಯಾರಲ್ಲಿ ಹೇಳಬೇಕೆಂದು ತಿಳಿಯದೆ ಎರಡು ತಿಂಗಳು ಕಳೆದೆ. (ಮರುವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಆರಂಭವಾಯಿತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಆಗ ನನಗೆ ಅಂಥದ್ದೊಂದು ಬೇಕಿತ್ತು. ಈಗ ಬೇಕಾದವರು ಇದನ್ನು ಓದುತ್ತಿರಬಹುದೆಂದು ಬರೆದಿದ್ದೇನೆ.)

ನನಗೆ ಬಹಳ ದಿನ ಅರ್ಥವಾಗದ ಸಂಗತಿಯೊಂದಿತ್ತು. ಸಿನಿಮಾ ನಟಿಯರ ಬಂಗಲೆಗಳನ್ನು, ಉದ್ಯಮಿಗಳ ಮಕ್ಕಳ ಮದುವೆಗಳನ್ನು ಅದೇ ಫೋನಿನಲ್ಲಿ ನಾನು ಯಾವ ಸಂಕಟವೂ ಇಲ್ಲದೆ ನೋಡಬಲ್ಲವಳಾಗಿದ್ದೆ. ನೋವಾಗುತ್ತಿದ್ದುದು ಆ ಬಿಳಿ ಕೋಟಿನಿಂದ ಮಾತ್ರ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಇದರ ಕಾರಣವನ್ನು ಹೇಳಿದ್ದರು. ಅಳೆಯಲು ಬೇರೆ ಕೋಲು ಸಿಗದಿದ್ದಾಗ ಮನುಷ್ಯ ಇನ್ನೊಬ್ಬ ಮನುಷ್ಯನನ್ನೇ ಅಳತೆಗೋಲಾಗಿ ಹಿಡಿಯುತ್ತಾನೆ. ಹಾಗೆ ಹಿಡಿಯುವಾಗ ತೀರ ದೂರದವರನ್ನು ಬಿಟ್ಟು ತನ್ನಂಥವರನ್ನೇ ಆರಿಸಿಕೊಳ್ಳುತ್ತಾನೆ. ಸಾಮರ್ಥ್ಯದ ವಿಷಯ ಬಂದರಂತೂ ಅವನ ಕಣ್ಣು ತನಗಿಂತ ತುಸು ಮೇಲಿರುವವರತ್ತಲೇ ಹೊರಳುತ್ತದೆ ಎಂಬುದು ಅವರ ವಾದ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಮೆಸ್ಸಿನಲ್ಲಿ ಉಂಡು, ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದವಳಿಗಿಂತ ನನ್ನಂಥವಳು ನನಗೆ ಇನ್ನಾರು ಸಿಗಬೇಕಿತ್ತು?

ಹೋಲಿಸಿಕೊಳ್ಳುವುದನ್ನು ಫೋನು ಕಲಿಸಿತೆಂದು ನಾನು ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ನಮ್ಮ ಅತ್ತೆಯವರನ್ನು ಮೀರಿಸುವವರಿಲ್ಲ. ಸುಗ್ಗಿ ಮುಗಿಯುವಷ್ಟರಲ್ಲಿ ಐದೂ ಮನೆಗಳಲ್ಲಿ ಎಷ್ಟು ಕ್ವಿಂಟಾಲ್ ಅಡಿಕೆ ಆಯಿತು, ಅದರಲ್ಲಿ ರಾಶಿ ದರ್ಜೆಯದೆಷ್ಟು, ಗೊರಬಲು ದರ್ಜೆಯದೆಷ್ಟು, ಯಾರು ಯಾವ ಧಾರಣೆಗೆ ಮಾರಿದರು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ನಮಗಿಂತ ಆಚೆ ಮನೆಯವರಿಗೆ ಹೆಚ್ಚಾದರೆ ಒಂದು ಗಳಿಗೆ ಮುಖ ಸಣ್ಣದಾಗುವುದೂ ಉಂಟು. ಆದರೆ ಆಚೆ ಮನೆಯವರ ಸೊಸೈಟಿ ಸಾಲ ಎಷ್ಟಿದೆ, ಯಜಮಾನರ ಮಂಡಿನೋವು ಯಾವ ಔಷಧಿಗೂ ಬಗ್ಗಿಲ್ಲ, ಎಲೆಚುಕ್ಕೆ ರೋಗ ಅವರ ಮೇಲಿನ ತೋಟಕ್ಕೆ ಇಳಿದಿದೆ ಎಂಬುದೂ ಅವರಿಗೆ ಗೊತ್ತು. ಮಲೆನಾಡಿನಲ್ಲಿ ಅಪರಿಚಿತರಷ್ಟೇ ಜಗಲಿಯಿಂದ ಒಳಗೆ ಬರುವುದು. ನೆರೆಯವರು ಹಿತ್ತಿಲ ಬಾಗಿಲಿನಿಂದ ಬರುತ್ತಾರೆ, ಬಚ್ಚಲ ಒಲೆಯ ಪಕ್ಕ ನಿಂತು ಮಾತಾಡುತ್ತಾರೆ. ಹೀಗಾಗಿ ಅತ್ತೆಯವರ ಹೋಲಿಕೆಯಲ್ಲಿ ಇಡೀ ಮನೆ ಇತ್ತು. ನನ್ನ ಹೋಲಿಕೆಯಲ್ಲಿದ್ದುದು ಬರೀ ಜಗಲಿ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆಂಬ ಗಾದೆಯನ್ನು ಬೆಟ್ಟದಲ್ಲೇ ಬದುಕುವ ನಮ್ಮಂಥವರಿಗೆ ವಿವರಿಸಬೇಕಿಲ್ಲ. ಆದರೂ ಜರ್ಮನಿಯ ಬೆಟ್ಟದ ಮುಂದೆ ನಾನದನ್ನು ಮರೆತಿದ್ದೆ.

ಆತ್ಮಗೌರವವನ್ನು ಅಳೆಯಲು ಮಾರಿಸ್ ರೋಸೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು 1965ರಲ್ಲಿ ಹತ್ತು ಹೇಳಿಕೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಇಂದಿಗೂ ಹೆಚ್ಚಿನ ಸಂಶೋಧಕರು ಬಳಸುವುದು ಅದನ್ನೇ. ಒಂದೊಂದು ಹೇಳಿಕೆಯನ್ನೂ ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಗುರುತು ಹಾಕಬೇಕು. ನಾನೂ ಒಂದು ದಿನ ಕುಳಿತು ಹಾಕಿದೆ. ಅಂಕಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಅದರಲ್ಲಿನ ಎರಡು ಹೇಳಿಕೆಗಳು: ಹೆಚ್ಚಿನ ಜನರು ಮಾಡುವಷ್ಟೇ ಚೆನ್ನಾಗಿ ನಾನೂ ಕೆಲಸ ಮಾಡಬಲ್ಲೆ ಎಂಬರ್ಥದ್ದು ಒಂದು, ಕನಿಷ್ಠ ಉಳಿದವರ ಸಮಕ್ಕಾದರೂ ನನಗೆ ಬೆಲೆಯಿದೆ ಎಂಬರ್ಥದ್ದು ಇನ್ನೊಂದು. ಯಾರು ಈ ಉಳಿದವರು? ಅತ್ತೆಯವರಿಗೆ ಉತ್ತರ ಸುಲಭ, ಐದು ಮನೆ ಮತ್ತು ನೆಂಟರು. ನನಗೂ 2016ರವರೆಗೆ ಹಾಗೆಯೇ ಇತ್ತು. ಆಮೇಲೆ, ನನ್ನನ್ನು ಕೇಳದೆಯೇ, ಉಳಿದವರು ಬದಲಾಗಿಹೋಗಿದ್ದರು. ನಾನು ಮಾಡುವ ಕೆಲಸ ಒಂದಿಷ್ಟೂ ಬದಲಾಗಿರಲಿಲ್ಲ.

ಹೊಸದಾಗಿ ಬಂದ ಆ ಉಳಿದವರೂ ಎಲ್ಲರೂ ಅಲ್ಲ. ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞರು 1991ರಲ್ಲಿ ಒಂದು ಸರಳ ಗಣಿತವನ್ನು ತೋರಿಸಿದರು. ಹೆಚ್ಚು ಗೆಳೆಯರಿರುವ ವ್ಯಕ್ತಿ ಹೆಚ್ಚು ಜನರ ಗೆಳೆಯರ ಪಟ್ಟಿಯಲ್ಲಿ ಇದ್ದೇ ಇರುತ್ತಾನೆ. ಆದ್ದರಿಂದ ಸರಾಸರಿ ಲೆಕ್ಕದಲ್ಲಿ ನಮ್ಮ ಗೆಳೆಯರಿಗೆ ನಮಗಿಂತ ಹೆಚ್ಚು ಗೆಳೆಯರಿರುತ್ತಾರೆ. ಸಾಮಾಜಿಕ ಜಾಲತಾಣದಲ್ಲಿ ಇದರ ಮೇಲೆ ಇನ್ನೊಂದು ಪದರ ಸೇರುತ್ತದೆ, ಏಕೆಂದರೆ 2016ರಲ್ಲಿ ಇನ್‌ಸ್ಟಾಗ್ರಾಂ ಚಿತ್ರಗಳನ್ನು ಹಾಕಿದ ಸಮಯದ ಕ್ರಮದಲ್ಲಿ ತೋರಿಸುವುದನ್ನು ಬಿಟ್ಟು, ನಾವು ಯಾವುದನ್ನು ಹೆಚ್ಚು ಮೆಚ್ಚಬಹುದೆಂಬ ಅಂದಾಜಿನ ಕ್ರಮದಲ್ಲಿ ತೋರಿಸಲಾರಂಭಿಸಿತು. ನಮ್ಮ ತರಗತಿಯಲ್ಲಿ ಓದಿದವರಲ್ಲಿ ಸಾಗರದ ಕಡೆ ಕಾನ್ವೆಂಟಿನಲ್ಲಿ ಪಾಠ ಹೇಳುವವರಿದ್ದರು, ಕೆಲಸ ಸಿಗದೆ ಊರಿಗೆ ಮರಳಿದವರಿದ್ದರು, ನನ್ನಂತೆ ತೋಟ ನೋಡಿಕೊಳ್ಳುವವರೂ ಇದ್ದರು. ಅವರು ಏನನ್ನೂ ಹಾಕುತ್ತಿರಲಿಲ್ಲ, ಹಾಕಿದರೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಏಳೆಂಟು ಜನರ ಬದುಕನ್ನು ಇಡೀ ತರಗತಿಯ ಬದುಕೆಂದು ತಿಳಿದು ನಾನು ಸೋತವಳಾಗಿದ್ದೆ.

ಇದು ನನ್ನೊಬ್ಬಳ ಮನಸ್ಸಿನ ದೌರ್ಬಲ್ಯವಲ್ಲವೆಂದು ನನಗೆ ಧೈರ್ಯ ಕೊಟ್ಟದ್ದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ. 2004ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭವಾದ ಫೇಸ್‌ಬುಕ್, ಅಮೆರಿಕದ ಎಲ್ಲ ಕಾಲೇಜುಗಳಿಗೂ ಒಂದೇ ದಿನ ತಲುಪಲಿಲ್ಲ. ಒಂದಾದ ಮೇಲೊಂದರಂತೆ ಬಾಗಿಲು ತೆರೆಯಿತು. ಬ್ರಾಗಿಯೇರಿ, ಲೆವಿ ಮತ್ತು ಮಕಾರಿನ್ ಎಂಬ ಅರ್ಥಶಾಸ್ತ್ರಜ್ಞರು ಈ ಹಿಂದುಮುಂದನ್ನೇ ಹಿಡಿದು, ಅದು ತಲುಪಿದ ಮತ್ತು ಇನ್ನೂ ತಲುಪದ ಕಾಲೇಜುಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಹೋಲಿಸಿ ನೋಡಿದರು. ತಲುಪಿದಲ್ಲಿ ಆರೋಗ್ಯ ಕೆಟ್ಟಿತ್ತು. ಅದಕ್ಕೆ ಮುಖ್ಯ ಕಾರಣ ಉಳಿದವರೊಡನೆ ಮಾಡಿಕೊಳ್ಳುವ ಹೋಲಿಕೆಯೇ ಇರಬೇಕೆಂಬುದರತ್ತ ಅವರ ಪುರಾವೆಗಳು ಬೊಟ್ಟು ಮಾಡಿದವು.

ಇಷ್ಟೆಲ್ಲ ತಿಳಿದ ಮೇಲೆ ನನ್ನದೇ ಒಂದು ಸಿದ್ಧಾಂತ ಗಟ್ಟಿಯಾಗಿತ್ತು: ನೋವು ಹುಟ್ಟುವುದು ಅರ್ಧ ಮಾತ್ರ ಕಾಣುವುದರಿಂದ, ಹಿತ್ತಿಲನ್ನೂ ತೋರಿಸಿಬಿಟ್ಟರೆ ನೋವು ಇಳಿಯುತ್ತದೆ. ಆದ್ದರಿಂದ ಮಾರನೆಯ ಸಂಜೆ ಹುಡುಗಿ ಬಂದೊಡನೆ ಆ ಫೋಟೋದ ಕಥೆಯನ್ನು ಅವಳಿಗೆ ಹೇಳಿದೆ. ಮಳೆ ಹನಿಯುವ ಅಂಗಳ, ಹಳೆಯ ಮರದ ಕಂಬ, ಕೆಂಪು ನೆಲ, ಹಬೆಯಾಡುವ ಕಾಫಿ ಲೋಟ ಅದರಲ್ಲಿದ್ದವು. ಎಡಕ್ಕೆ ಹೆಂಚು ಒಡೆದು ಸೋರುವ ಕಡೆ ಕಟ್ಟಿದ ನೀಲಿ ಟಾರ್ಪಾಲು, ಅದರ ಕೆಳಗಿಟ್ಟ ಬಕೆಟ್ ಕಾಣದಿರಲೆಂದು ನಾನು ಮೂರು ಹೆಜ್ಜೆ ಬಲಕ್ಕೆ ಸರಿದು ನಿಂತಿದ್ದೆ. ಹನ್ನೊಂದು ಸಲ ತೆಗೆದಿದ್ದೆ. ಜರ್ಮನಿಯಲ್ಲಿರುವವಳು ನೋಡಲಿ ಎಂಬುದೇ ನನ್ನ ಆಸೆಯಾಗಿತ್ತು. ಎಲ್ಲವನ್ನೂ ಹೇಳಿ ಟಾರ್ಪಾಲಿನತ್ತ ಕೈ ತೋರಿಸಿದೆ.

“ಅದು ನಂಗೆ ಗೊತ್ತಿತ್ತಲ್ಲ ಅಕ್ಕ,” ಎಂದಳು ಅವಳು. “ದಿನಾ ಅದರ ಕೆಳಗೇ ಅಲ್ವಾ ಕೂರೋದು ನಾನು?”

ನನಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ, “ಫೋಟೋ ಕೆಳಗೆ ಅಷ್ಟು ಜನ ಚೆಂದ ಇದೆ, ಚೆಂದ ಇದೆ ಅಂದಿದ್ರು. ನಮ್ಮನೆಗೆ ಯಾರು ಹಂಗೆ ಅಂತಾರೆ?” ಎಂದಳು.

ಅವಳ ತಂದೆ ನಮ್ಮ ತೋಟದ ಕೊನೆಗಾರರು, ಮರ ಹತ್ತಿ ಅಡಿಕೆ ಗೊನೆ ಇಳಿಸುವವರು. ಅವರದು ಆಶ್ರಯ ಯೋಜನೆಯಲ್ಲಿ ಕಟ್ಟಿದ ಎರಡು ಕೋಣೆಯ ಮನೆ. ನಮ್ಮ ಮನೆಗೂ ಅವರ ಮನೆಗೂ ಇರುವ ಅಂತರವನ್ನು ಫೋನು ಹುಟ್ಟಿಸಲಿಲ್ಲ. ಒಂದು ಟಾರ್ಪಾಲು ತೋರಿಸಿ ಅದನ್ನು ತುಂಬಬಹುದೆಂದು ನಾನು ಅಂದುಕೊಂಡದ್ದು ತಪ್ಪೇ ಆಗಿತ್ತು. ಅವಳು ಹೋಲಿಸಿದ್ದು ಮನೆಗೆ ಮನೆಯನ್ನಲ್ಲ, ಮನೆಗೆ ಸಿಕ್ಕ ಮೆಚ್ಚುಗೆಯನ್ನು. ಮನಶ್ಶಾಸ್ತ್ರಜ್ಞ ಮಾರ್ಕ್ ಲಿಯರಿ ಮತ್ತು ಅವರ ಜೊತೆಗಾರರು 1995ರಲ್ಲಿ, ಆತ್ಮಗೌರವವೆಂಬುದು ಜನರು ನಮ್ಮನ್ನು ಎಷ್ಟರಮಟ್ಟಿಗೆ ಒಳಗೆ ಸೇರಿಸಿಕೊಂಡಿದ್ದಾರೆಂದು ತೋರಿಸುವ ಮಾಪಕ ಎಂದಿದ್ದರು. ಸಾವಿರಾರು ವರ್ಷ ಆ ಮಾಪಕ ಅಂದಾಜಿನ ಮೇಲೆ ನಡೆದಿತ್ತು: ಯಾರೋ ಕರೆದು ಎಲೆ ಅಡಿಕೆ ಕೊಟ್ಟರು, ಯಾರೋ ಕಂಡೂ ಕಾಣದಂತೆ ಹೋದರು. 2009ರಲ್ಲಿ ಫೇಸ್‌ಬುಕ್ ಲೈಕ್ ಗುಂಡಿಯನ್ನು ತಂದು, ಅದಕ್ಕೆ ಎಲ್ಲರೂ ಓದಬಹುದಾದ ಅಂಕಿಯನ್ನು ಕೊಟ್ಟಿತು. ಜಗಲಿಯ ಫೋಟೋಕ್ಕೆ ಬಂದ ಅಂಕಿ 187. ಎಷ್ಟೆಂದು ದಿನಕ್ಕೆ ನಾಲ್ಕು ಸಲ ನೋಡಿದ್ದರಿಂದ ನನಗೆ ಇಂದಿಗೂ ನೆನಪಿದೆ, ಮತ್ತು ಆ 187ರಲ್ಲಿ ಒಂದು ಅವಳದೇ ಆಗಿತ್ತು.

ನಾನು ಮಾಡಿದ್ದು ದೊಡ್ಡದೇನಲ್ಲ. 2021ರಿಂದ ಇನ್‌ಸ್ಟಾಗ್ರಾಂನಲ್ಲಿ ಲೈಕ್‌ಗಳ ಸಂಖ್ಯೆಯನ್ನು ಮರೆಮಾಡುವ ಅವಕಾಶವಿದೆ. ಇಬ್ಬರ ಫೋನಿನಲ್ಲೂ ಮರೆಮಾಡಿದೆವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರ ಬಗ್ಗೆ ಅವಳಿಗೆ ಹೇಳಿದೆ. ಮೂರು ವಾರ ಒಂದೊಂದು ಜಾಲತಾಣಕ್ಕೆ ದಿನಕ್ಕೆ ಹತ್ತೇ ನಿಮಿಷ ಎಂದು ಮಿತಿ ಹಾಕಿಕೊಂಡವರಲ್ಲಿ ಒಂಟಿತನವೂ ಖಿನ್ನತೆಯೂ ಕಡಿಮೆಯಾಗಿದ್ದವು. ಮಿತಿಯಿಲ್ಲದೆ, ಎಷ್ಟು ಹೊತ್ತು ನೋಡುತ್ತೇವೆಂದು ಲೆಕ್ಕವಿಟ್ಟವರಲ್ಲೂ ಆತಂಕ ಇಳಿದಿತ್ತು. ಹತ್ತು ನಿಮಿಷ ಆಗುವುದಿಲ್ಲವೆಂದು ಅವಳು ನೇರವಾಗಿ ಹೇಳಿದ್ದರಿಂದ ಲೆಕ್ಕ ಇಡುವುದೆಂದು ತೀರ್ಮಾನವಾಯಿತು. ರಸಾಯನಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಇಬ್ಬರ ನಿಮಿಷಗಳನ್ನೂ ಬರೆಯುತ್ತಿದ್ದೆವು. ಹೆಚ್ಚಿನ ದಿನ ನನ್ನದೇ ಜಾಸ್ತಿ ಇರುತ್ತಿತ್ತು.

ಮೇ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ, ಕೊಳೆ ಔಷಧಿಯ, ಅಂದರೆ ಅದೇ ಬೋರ್ಡೋ ದ್ರಾವಣದ, ಮೊದಲ ಸುತ್ತಿಗೆ ಅವಳೂ ತಂದೆಯ ಜೊತೆ ಬಂದಳು. ಪರೀಕ್ಷೆ ಮುಗಿದು ಫಲಿತಾಂಶವೂ ಬಂದಿತ್ತು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ; ಸುಣ್ಣ ಕಡಿಮೆಯಾದರೆ ಉಳಿದ ತಾಮ್ರ ಎಳೆಯ ಹಿಂಗಾರವನ್ನೂ ಎಲೆಯನ್ನೂ ಸುಡುತ್ತದೆ. ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಕಬ್ಬಿಣ ತಾಮ್ರವನ್ನು ಅದರ ಲವಣದಿಂದ ಹೊರಹಾಕುವ ಈ ಕ್ರಿಯೆಯನ್ನು ಅವಳು ಪುಸ್ತಕದಲ್ಲಿ ಓದಿದ್ದಳು, ಕಣ್ಣಾರೆ ನೋಡಿರಲಿಲ್ಲ. ಇಬ್ಬರ ಫೋನೂ ಜಗಲಿಯ ಮೇಲಿದ್ದವು. ಮೈಲುತುತ್ತದ ಕೈಯಲ್ಲಿ ಮುಟ್ಟುವ ಹಾಗಿರಲಿಲ್ಲ. ಡ್ರಮ್ಮಿನ ಸುತ್ತ ಆರು ಜನ ನಿಂತಿದ್ದಾಗ ಅವಳ ತಂದೆ ನನ್ನ ಕಡೆ ನೋಡದೆ ಮಗಳನ್ನೇ, “ಸಾಕಾಯ್ತಾ ನೋಡು ಮಗಾ” ಎಂದರು. ಅವಳು ಕತ್ತಿ ಅದ್ದಿ, ಒಂದು ನಿಮಿಷ ಕಾದು, ಮೇಲೆತ್ತಿ ಬೆಳಕಿಗೆ ಹಿಡಿದಳು. ತುದಿಯಲ್ಲಿ ಕೆಂಪಿತ್ತು. ಇನ್ನೂ ಬೇಕೆಂದಳು. ಅವರು ಸುಣ್ಣದ ತಿಳಿ ಸುರಿದು ಕಲಸಿದರು. ಎರಡನೆಯ ಸಲ ಅಲಗು ಬೆಳ್ಳಗೇ ಬಂತು, ಅವಳು ತಲೆಯಾಡಿಸಿದಳು, ಅವರು ಪಂಪು ಚಾಲೂ ಮಾಡಿದರು.